ಸವಳು ಕಾಣುವ ಮೊದಲೇ ಹೇಳುವ ಹತ್ತಿ ಬಟ್ಟೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಲಿನ ಎರಿ ಹೊಲದಲ್ಲಿ ಬಿಳಿ ಉಪ್ಪು ಮೇಲೆದ್ದಾಗ ಸವಳು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಗ ತಡವಾಗಿರುತ್ತದೆ. ಕಬ್ಬಿಗೆ ಮಿತಿಮೀರಿ ಹಾಯಿಸಿದ ನೀರು ಎರಿ ಮಣ್ಣಿನಲ್ಲಿ ಬಸಿಯದೆ ನಿಂತು, ಬಿಸಿಲಿಗೆ ಮೇಲೇರಿ ಆವಿಯಾಗುತ್ತದೆ. ಅದರಲ್ಲಿದ್ದ ಉಪ್ಪು ಮಾತ್ರ ಮೇಲ್ಪದರದಲ್ಲೇ ಉಳಿಯುತ್ತದೆ. ಈ ಪೆಟ್ಟು ಬೇಗ ತಾಗುವುದು ಮಣ್ಣಿನ ಸೂಕ್ಷ್ಮಜೀವಿಗಳಿಗೆ.

ಉಪ್ಪು ಹೆಚ್ಚಿದರೆ ಬ್ಯಾಕ್ಟೀರಿಯಾದ ಒಳಗಿನ ನೀರು ಹೊರಗೆ ಸೆಳೆದುಹೋಗುತ್ತದೆ. ನೀರು ನಿಂತ ಜವಳು ನೆಲದಲ್ಲಿ ಗಾಳಿಯಾಡದೆ, ಕಬ್ಬಿನ ರವದಿ ಕೊಳೆಸುವ ಶಿಲೀಂಧ್ರಗಳು ಕುಗ್ಗುತ್ತವೆ. ಗಾಳಿಯಿಲ್ಲದಲ್ಲಿ ನೈಟ್ರೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾ ಹೆಚ್ಚಿ, ಹಾಕಿದ ಯೂರಿಯಾದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ.

ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಚುರುಕನ್ನು ಡಿಹೈಡ್ರೋಜಿನೇಸ್ ಎಂಬ ಕಿಣ್ವದಿಂದ ಅಳೆಯುತ್ತಾರೆ. ಬಣ್ಣವಿಲ್ಲದ ಒಂದು ರಾಸಾಯನಿಕವನ್ನು ಮಣ್ಣಿಗೆ ಬೆರೆಸಿ ಬೆಚ್ಚಗೆ ಇಟ್ಟರೆ, ಜೀವಂತ ಸೂಕ್ಷ್ಮಜೀವಿಗಳು ಅದನ್ನು ಕೆಂಪಾಗಿಸುತ್ತವೆ. ಕೆಂಪು ಗಾಢವಾದಷ್ಟೂ ಮಣ್ಣು ಚುರುಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಇಂಥ ಜೈವಿಕ ಪರೀಕ್ಷೆ ಒಂದೂ ಇಲ್ಲ. ಇರಲೇಬೇಕಿತ್ತು.

ಮನೆಯಲ್ಲೇ ಮಾಡಬಹುದಾದ ದಾರಿಯೂ ಇದೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರೈತರಿಂದ ಹತ್ತಿಯ ಒಳಚಡ್ಡಿಗಳನ್ನು ಹೊಲದಲ್ಲಿ ಹೂಳಿಸಿದರು. ಹತ್ತಿಯೆಂದರೆ ಬಹುಪಾಲು ಸೆಲ್ಯುಲೋಸ್. ಸೂಕ್ಷ್ಮಜೀವಿಗಳಿಗೆ ಅದು ಆಹಾರ; ಅವು ಚುರುಕಾಗಿದ್ದಷ್ಟೂ ಬಟ್ಟೆ ಬೇಗ ಕೊಳೆಯುತ್ತದೆ. ನೇಕಾರರ ಊರಾದ ಬನಹಟ್ಟಿಯಲ್ಲಿ ಬಟ್ಟೆಗೇನು ಬರ! ಆದರೆ ಬಣ್ಣ ಹಾಕದ ಅಪ್ಪಟ ಹತ್ತಿಯೇ ಆಗಬೇಕು. ಒಂದು ಎಳೆ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಂಟಾಗುತ್ತದೆ. ನೂಲಿಗೆ ಹಾಕಿದ ಗಂಜಿಯನ್ನು ಬಿಸಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಗಂಜಿ ಉಳಿದರೆ ಸೂಕ್ಷ್ಮಜೀವಿಗಳು ಮೊದಲು ಅದನ್ನೇ ತಿಂದು ಫಲಿತಾಂಶ ಕೆಡುತ್ತದೆ.

ಒಂದೇ ಅಳತೆಯ ತುಂಡುಗಳನ್ನು ಒಣಗಿಸಿ, ತೂಗಿ, ಸುಮಾರು ಅರ್ಧ ಅಡಿ ಆಳದಲ್ಲಿ ಹೂಳಿ. ಕೆಲವನ್ನು ಚೆನ್ನಾಗಿ ಬೆಳೆಯುವ ಕಡೆ, ಕೆಲವನ್ನು ಅನುಮಾನವಿರುವ ತಗ್ಗಿನಲ್ಲಿ. ಗುರುತಿಗೆ ಗೂಟ ನೆಡಿ. ಎರಡು ತಿಂಗಳ ಬಳಿಕ ಮೆಲ್ಲಗೆ ತೆಗೆದು, ಮಣ್ಣು ತೊಳೆದು, ಒಣಗಿಸಿ ತೂಗಿ. ಒಂದೇ ಹೊಲದ ತುಂಡುಗಳನ್ನು ಪರಸ್ಪರ ಹೋಲಿಸಬೇಕೇ ಹೊರತು ನೆರೆಯವರ ಹೊಲದೊಂದಿಗಲ್ಲ. ಒಣ ನೆಲದಲ್ಲೂ ಬಟ್ಟೆ ಕೊಳೆಯುವುದಿಲ್ಲ, ಗೆದ್ದಲು ಬಂದರೆ ಲೆಕ್ಕ ತಪ್ಪುತ್ತದೆ.

ತಗ್ಗಿನ ಬಟ್ಟೆ ಗಟ್ಟಿಯಾಗಿ ಉಳಿದಿದ್ದರೆ ಅಲ್ಲಿನ ಮಣ್ಣನ್ನು ಪರೀಕ್ಷೆಗೆ ಒಯ್ಯಿರಿ. ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದರೆ ಸವಳು. ಸವಳು ನೆಲಕ್ಕೆ ಮೊದಲು ಬೇಕಾದದ್ದು ಬಸಿಗಾಲುವೆ. ಜಿಪ್ಸಂ ಹಾಕುವುದು ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣಿಗೆ. ಬಸಿಗಾಲುವೆ ಇಲ್ಲದೆ ಅದೂ ಕೆಲಸ ಮಾಡದು.