ಅಚ್ಚಿನ ಮೊಳೆಗಳು ಕಲಿಸಿದ ಸಮಾಜ ಪಾಠ

ಸಮಾಜ ವಿಜ್ಞಾನವೆಂದರೆ ಇಸವಿಗಳ ಪಟ್ಟಿ, ರಾಜಧಾನಿಗಳ ಹೆಸರು. ಉರು ಹೊಡೆದು, ಪರೀಕ್ಷೆಯ ಮರುದಿನ ಮರೆತುಬಿಡುವ ವಿಷಯ. ಈ ದೂರು ಹೊಸದೇನಲ್ಲ. 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿ ಮೇಷ್ಟ್ರೊಬ್ಬರು ಇದಕ್ಕೆ ಕಂಡುಕೊಂಡ ಉಪಾಯ ಮಾತ್ರ ಸ್ವಾರಸ್ಯಕರ. ಅವರು ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದಿಟ್ಟರು.

ಅವರ ಹೆಸರು ಸೆಲೆಸ್ತ್ಯಾಂ ಫ್ರೆನೆ. 1896ರಲ್ಲಿ ದಕ್ಷಿಣ ಫ್ರಾನ್ಸಿನ ಗುಡ್ಡಗಾಡು ಹಳ್ಳಿಯೊಂದರಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಅವರ ಶ್ವಾಸಕೋಶಕ್ಕೆ ಗುಂಡು ತಗುಲಿತು. 1920ರಲ್ಲಿ ಬಾರ್ ಸುರ್ ಲೂ ಎಂಬ ಊರಿನ ಶಾಲೆಗೆ ಸೇರಿದಾಗ ಬಹಳ ಹೊತ್ತು ಗಟ್ಟಿಯಾಗಿ ಮಾತನಾಡುವಷ್ಟು ಉಸಿರು ಉಳಿದಿರಲಿಲ್ಲ. ಪಾಠವೆಂದರೆ ಮೇಷ್ಟ್ರ ಗಂಟಲು ಎಂದೇ ನಂಬಿದ್ದ ಕಾಲದಲ್ಲಿ ಇದೇನು ಸಣ್ಣ ಊನವಲ್ಲ.

ಫ್ರೆನೆ ಮಕ್ಕಳನ್ನು ಹೊರಗೆ ಕರೆದೊಯ್ಯತೊಡಗಿದರು. ಹೊಲ, ಹೊಳೆಯ ದಂಡೆ, ಬಡಗಿ ಕಮ್ಮಾರರ ಕೆಲಸದ ಮನೆ. ಹಿಂದಿರುಗಿದ ಮೇಲೆ ಕಂಡದ್ದನ್ನು ಎಲ್ಲರೂ ಕೂಡಿ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಮಕ್ಕಳ ಕಣ್ಣಲ್ಲಿ ಹೊಳಪು ಕಾಣುತ್ತಿದ್ದುದು ಆಗಲೇ. ಆದರೆ ಮುಂದಿನ ಪಾಠಕ್ಕೆ ಹಲಗೆ ಒರೆಸಲೇಬೇಕು. ಕೈಗೆ ಬರುವುದು ಮತ್ತೆ ಅದೇ ಪಠ್ಯಪುಸ್ತಕ, ಎಲ್ಲಿಯದೋ ಊರು, ಯಾರದೋ ಬದುಕು. ಒರೆಸಿಹೋಗುವ ಆ ಬರಹವನ್ನು ಉಳಿಸುವುದು ಹೇಗೆ ಎಂಬ ಯೋಚನೆಯೇ 1924ರ ಸುಮಾರಿಗೆ ಅವರನ್ನು ಅಚ್ಚಿನ ಯಂತ್ರದತ್ತ ಒಯ್ದಿತು. ಮಕ್ಕಳೇ ಬರೆದು, ಯಾವುದು ಅಚ್ಚಾಗಬೇಕೆಂದು ಕೈ ಎತ್ತಿ ಆರಿಸಿ, ಒಂದೊಂದೇ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು.

ಯಂತ್ರಕ್ಕಿಂತ ದೊಡ್ಡ ಸಂಗತಿ ನಡೆದದ್ದು 1926ರಲ್ಲಿ. ದೇಶದ ಇನ್ನೊಂದು ಮೂಲೆಯಲ್ಲಿ, ಅಟ್ಲಾಂಟಿಕ್ ತೀರದ ತ್ರೆಗಂಕ್ ಎಂಬ ಊರಿನಲ್ಲಿ, ರೆನೆ ಡೇನಿಯಲ್ ಎಂಬ ಶಿಕ್ಷಕರೂ ಇದೇ ಕೆಲಸಕ್ಕೆ ಕೈಹಾಕಿದರು. ಎರಡೂ ತರಗತಿಗಳ ನಡುವೆ ಅಚ್ಚಾದ ಹಾಳೆಗಳು, ಕಾಗದಗಳು ಅಂಚೆಯಲ್ಲಿ ಓಡಾಡತೊಡಗಿದವು. ಬಾರ್ ಸುರ್ ಲೂ ಮಕ್ಕಳಿಗೆ ಆಲಿವ್ ಮರ ವಿವರಿಸಬೇಕಾದ ವಸ್ತುವೇ ಅಲ್ಲ, ಹುಟ್ಟಿದಾಗಿನಿಂದ ಕಂಡದ್ದು. ಕಾಣದವನಿಗೆ ಬರೆಯಬೇಕಾದಾಗಲೇ ಪ್ರಶ್ನೆಗಳೇಳುತ್ತವೆ: ಕಾಯಿ ಕೀಳುವುದು ಯಾವ ತಿಂಗಳು, ಕೂಲಿ ಎಷ್ಟು, ಎಣ್ಣೆ ಎಲ್ಲಿಗೆ ಹೋಗುತ್ತದೆ? ಅತ್ತ ಅಟ್ಲಾಂಟಿಕ್ ತೀರದ ಮಕ್ಕಳಿಗೆ ಸಮುದ್ರದ ಉಬ್ಬರವಿಳಿತ ನಿತ್ಯದ ಮಾತು; ಉಬ್ಬರವೇ ಅಷ್ಟಾಗಿ ಕಾಣದ ಮೆಡಿಟರೇನಿಯನ್ ಕಡೆಯವರಿಗೆ ಅದು ಸೋಜಿಗ. ಭೂಗೋಳ, ಅರ್ಥಶಾಸ್ತ್ರ ಎಂದು ನಾವು ಬೇರೆ ಬೇರೆ ಪುಸ್ತಕದಲ್ಲಿ ಕಟ್ಟಿಟ್ಟದ್ದು ಇಲ್ಲಿ ಒಂದೇ ಕಾಗದದಲ್ಲಿ ಬಂದುಬಿಡುತ್ತದೆ. ನಮ್ಮ ಶಾಲೆಗಳ ಗೋಡೆ ಪತ್ರಿಕೆ ಒಳ್ಳೆಯದೇ; ಆದರೆ ಅದರ ಓದುಗ ಅದೇ ಊರಿನವನು, ಅವನಿಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳಿಗೆ ಬರೆಯಲು ಬಿಟ್ಟರೆ ಮೇಷ್ಟ್ರಿಗೆ ಬೇಕಾದದ್ದನ್ನೇ ಬರೆಯುತ್ತಾರೆಂಬ ಭರವಸೆ ಇಲ್ಲ. 1928ರಲ್ಲಿ ಫ್ರೆನೆ ಸ್ಯಾಂ ಪಾಲ್ ಎಂಬ ಊರಿನ ಶಾಲೆಗೆ ಬಂದರು. ಅಲ್ಲೊಬ್ಬ ಹುಡುಗ ತನ್ನ ಕನಸನ್ನು ಬರೆದ: ಪುಸ್ತಕ ಪೆನ್ಸಿಲು ಉಚಿತವಾಗಿ ಕೊಡದ ಮೇಯರ್ ವಿರುದ್ಧ ಇಡೀ ತರಗತಿ ದಂಗೆ ಏಳುತ್ತದೆ, ಕನಸಿನಲ್ಲಿ ಮೇಯರ್ ಕೊಲೆಯೂ ಆಗಿಹೋಗುತ್ತದೆ. ಅದು ಹಾಗೆಯೇ ಅಚ್ಚಾಯಿತು. 1932ರ ಡಿಸೆಂಬರಿನಲ್ಲಿ ಮೇಷ್ಟ್ರ ವಿರುದ್ಧ ಊರ ಗೋಡೆಗಳ ಮೇಲೆ ಭಿತ್ತಿಪತ್ರಗಳು ಕಾಣಿಸಿಕೊಂಡವು. ಪ್ಯಾರಿಸ್ಸಿನ ಬಲಪಂಥೀಯ ಪತ್ರಿಕೆಗಳೂ ಕೈಜೋಡಿಸಿದವು. ಫ್ರೆನೆ ಎಡಪಂಥೀಯರು, ಶಿಕ್ಷಕರ ಸಂಘದಲ್ಲಿ ಓಡಾಡಿದವರು. ಕನಸು ಅವರನ್ನು ಹಿಡಿಯಲು ಸಿಕ್ಕ ನೆಪ ಎನ್ನಬಹುದು. ಆದರೂ ಕೊಲೆಯ ಕನಸನ್ನು ಅಚ್ಚು ಹಾಕಬೇಕಿತ್ತೇ ಎಂಬ ಪ್ರಶ್ನೆ ಪೂರ್ತಿ ಹುರುಳಿಲ್ಲದ್ದೂ ಅಲ್ಲ. 1933ರಲ್ಲಿ ಅವರು ಆ ಶಾಲೆ ಬಿಡಬೇಕಾಯಿತು.

ಗಲಾಟೆಯ ಅದೇ 1932ರಲ್ಲಿ, ಪಠ್ಯಪುಸ್ತಕದ ಬದಲಿಗೆ ಮಕ್ಕಳು ತಾವೇ ಹುಡುಕಿ ಓದಲೆಂದು ಸಣ್ಣ ಪುಸ್ತಿಕೆಗಳ ಮಾಲೆಯೊಂದು ಅವರ ಬಳಗದಿಂದ ಹೊರಟಿತು. ಮೊದಲನೆಯದು ರಾಜರ ಕುರಿತದ್ದಲ್ಲ. ಗಾಡಿ, ಸಾರೋಟುಗಳ ಕಥೆ. 1935ರಲ್ಲಿ ಫ್ರೆನೆ ಮತ್ತು ಪತ್ನಿ ಎಲೀಸ್ ಹತ್ತಿರದ ವಾಂಸ್‌ನಲ್ಲಿ ತಮ್ಮದೇ ಶಾಲೆ ತೆರೆದರು. ಫ್ರೆನೆ ತೀರಿಕೊಂಡದ್ದು 1966ರಲ್ಲಿ. ಸರ್ಕಾರಿ ಶಾಲೆಯಿಂದ ಹೊರಬಿದ್ದವರು ಕಟ್ಟಿದ ಆ ಶಾಲೆಯನ್ನು 1991ರಲ್ಲಿ ಫ್ರೆಂಚ್ ಸರ್ಕಾರವೇ ಕೊಂಡುಕೊಂಡಿತು.