ಸ್ಕೇಟ್‌ಬೋರ್ಡನ್ನು ಗೋಡೆಗೆ ಒರಗಿಸಿಟ್ಟರೆ ಸಾಕೇ?

ಸ್ಕೇಟ್‌ಬೋರ್ಡ್ ಈಗ ನಮ್ಮ ಮನೆಗಳಿಗೂ ಬಂದಿದೆ. ಗಲ್ಫ್‌ನಿಂದ ರಜೆಗೆ ಬರುವ ಮಾಮ ತಂದುಕೊಡುತ್ತಾರೆ, ಇಲ್ಲವೇ ಮಕ್ಕಳು ಹಟ ಹಿಡಿದು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರೆ. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಈ ಆಟಕ್ಕೆ ಸ್ಥಾನ ಸಿಕ್ಕಿತು. ಆರೋಗ್ಯ ಕಾಪಾಡಲು ಅಗತ್ಯವಾದ ಆರು ವಿಷಯಗಳನ್ನು ಯುನಾನಿ ವೈದ್ಯ ಪದ್ಧತಿ ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎಂದು ಕರೆಯುತ್ತದೆ. ದೇಹದ ಚಲನೆ ಮತ್ತು ವಿಶ್ರಾಂತಿ ಅವುಗಳಲ್ಲಿ ಒಂದು. ಆದ್ದರಿಂದ ಮೊಬೈಲ್ ಬಿಟ್ಟು ಹೊರಗೆ ಆಡುವ ಮಗುವನ್ನು ತಡೆಯಬೇಡಿ. ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ಕೊಡಿಸಿ, ವಾಹನಗಳಿಲ್ಲದ ಜಾಗದಲ್ಲಿ ಆಡಲು ಬಿಡಿ.

ಆಟ ಮುಗಿದ ಮೇಲೆ ಆ ಬೋರ್ಡ್ ಎಲ್ಲಿರುತ್ತದೆ ಎಂಬುದನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಗಮನಿಸುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಚಕ್ರದ ಮೇಲೆ ಬಿಡಬೇಡಿ

ಬೋರ್ಡನ್ನು ನೆಲದ ಮೇಲೆ ಚಕ್ರದಲ್ಲಿ ನಿಲ್ಲಿಸಿ ಬಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಫಜ್ರ್‌ಗೆ ಮುಂಚೆ ಕತ್ತಲಲ್ಲಿ ವುಝೂ ಮಾಡಲು ಏಳುವ ಅಜ್ಜಿಯ ಕಾಲು ಅದರ ಮೇಲೆ ಬಿದ್ದರೆ ಸಾಕು. ಬೋರ್ಡ್ ಮುಂದಕ್ಕೆ ಓಡುತ್ತದೆ, ಅವರು ಹಿಂದಕ್ಕೆ ಬೀಳುತ್ತಾರೆ. ವಯಸ್ಸಾದವರ ಮೂಳೆ ಸವೆದಿರುತ್ತದೆ. ಸೊಂಟದ ಬಳಿ ತೊಡೆಮೂಳೆ ಮುರಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಆಮೇಲೂ ಅನೇಕರು ಮೊದಲಿನಂತೆ ನಡೆಯಲಾರರು. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ಹಾದಿಯೂ ದಾರಿಯೇ ಎಂದು ಮಕ್ಕಳಿಗೆ ತಿಳಿಸಿ.

ಹಾಗಾದರೆ ನಿಲ್ಲಿಸಿಡುವುದು ಸರಿಯೇ? ಸರಿ, ಜಾಗವೂ ಉಳಿಯುತ್ತದೆ. ಆದರೆ ಗೋಡೆಗೆ ಸುಮ್ಮನೆ ಒರಗಿಸಿದರೆ ಸಾಲದು.

ಒರಗಿಸಿದ್ದು ಏಕೆ ಜಾರುತ್ತದೆ?

ಬೋರ್ಡನ್ನು ಚಕ್ರಗಳು ಗೋಡೆಗೆ ತಾಗುವಂತೆ ಒರಗಿಸಿ ನೋಡಿ. ಮೇಲಿನ ಚಕ್ರಗಳು ಗೋಡೆಯ ಮೇಲೆ ಕೆಳಮುಖವಾಗಿ ಉರುಳಬಲ್ಲವು. ಕೆಳಗಿನ ತುದಿ ನುಣುಪಾದ ಟೈಲ್ಸ್ ಮೇಲಿದ್ದರೆ ಅದನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇರುವುದಿಲ್ಲ. ಬುಡ ಗೋಡೆಯಿಂದ ದೂರ ಇದ್ದಷ್ಟೂ ಬೋರ್ಡ್ ಸುಲಭವಾಗಿ ಜಾರಿ ಬೀಳುತ್ತದೆ. ಹಾಗೆಂದು ಬುಡವನ್ನು ಗೋಡೆಗೆ ತೀರಾ ಹತ್ತಿರ ಇಟ್ಟರೆ, ಪಕ್ಕದ ಬಾಗಿಲು ಜೋರಾಗಿ ಬಡಿದರೂ ಮುಂದಕ್ಕೆ ಉರುಳಬಹುದು. ಬಾಗಿಲ ಹಿಂದೆ ಇಡುವ ಅಭ್ಯಾಸ ಅಪಾಯಕಾರಿಯಾಗುವುದು ಇದರಿಂದಲೇ.

ಒಂದು ಸ್ಕೇಟ್‌ಬೋರ್ಡಿನ ತೂಕ ಸುಮಾರು ಎರಡೂವರೆ ಕೆಜಿ. ದೊಡ್ಡವರ ಕಾಲಿಗೆ ಬಿದ್ದರೆ ಬೆರಳು ಊದಿಕೊಳ್ಳಬಹುದು. ಆದರೆ ತೆವಳುವ ಮಗು, ಏನನ್ನಾದರೂ ಹಿಡಿದು ಎದ್ದು ನಿಲ್ಲಲು ಕಲಿಯುತ್ತಿರುವ ಮಗು ಅದನ್ನೇ ಹಿಡಿದು ಎಳೆದರೆ, ಅದು ಬೀಳುವುದು ಮಗುವಿನ ತಲೆ, ಮುಖದ ಮೇಲೆ. ಇದೇ ಮಾತು ಗೋಡೆಗೆ ಒರಗಿಸಿದ ಕೇರಂ ಬೋರ್ಡ್, ಮಡಚುವ ಮಂಚ, ಏಣಿ, ಇಸ್ತ್ರಿ ಮೇಜು ಎಲ್ಲಕ್ಕೂ ಅನ್ವಯಿಸುತ್ತದೆ. ದಪ್ಪ ಹಲಗೆಯ ದೊಡ್ಡ ಕೇರಂ ಬೋರ್ಡ್ ಹತ್ತು ಕೆಜಿಗೂ ಹೆಚ್ಚು ತೂಗುತ್ತದೆ.

ಹೇಗೆ ನಿಲ್ಲಿಸಬೇಕು?

ಜನರು ಓಡಾಡದ ಒಂದು ಮೂಲೆಯನ್ನು ಆರಿಸಿಕೊಳ್ಳಿ. ಮೂಲೆಯಲ್ಲಿ ಎರಡು ಗೋಡೆಗಳ ಆಸರೆ ಸಿಗುತ್ತದೆ. ಬುಡದ ಕೆಳಗೆ ರಬ್ಬರ್ ಮ್ಯಾಟಿನ ತುಂಡು ಹಾಕಿ. ಚಕ್ರಗಳು ಹೊರಗೆ, ಕಾಲಿಡುವ ಮೇಲ್ಮೈ ಗೋಡೆಯ ಕಡೆಗೆ ಇರಲಿ. ಆ ಮೇಲ್ಮೈ ಉಪ್ಪುಕಾಗದದಂತೆ ಒರಟಾಗಿರುವುದರಿಂದ ಜಾರುವುದು ಕಡಿಮೆ. ಆದರೆ ಅದು ಸುಣ್ಣಬಣ್ಣವನ್ನೂ, ತಾಗಿದ ಚರ್ಮವನ್ನೂ ಕೆರೆಯುತ್ತದೆ. ನಡುವೆ ದಪ್ಪ ರಟ್ಟೊಂದನ್ನು ಗೋಡೆಗೆ ಅಂಟಿಸಿ.

ಇಷ್ಟಾದ ಮೇಲೆ ಮುಖ್ಯ ಕೆಲಸ ಕಟ್ಟುವುದು. ಬೋರ್ಡಿನ ಅರ್ಧಕ್ಕಿಂತ ಮೇಲೆ ಬರುವಂತೆ ಗೋಡೆಗೆ ಡ್ರಿಲ್ ಮಾಡಿ, ಪ್ಲಗ್ ಹಾಕಿ, ಎರಡು ಕೊಕ್ಕೆ ಬಿಗಿಸಿ. ಹಳೆಯ ಸ್ಕೂಲ್ ಬ್ಯಾಗಿನ ಬಕಲ್ ಇರುವ ಪಟ್ಟಿಯೊಂದು ಅಡ್ಡ ಕಟ್ಟಲು ಸಾಕು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲದಿದ್ದರೆ ಬೋರ್ಡನ್ನು ಕಪಾಟಿನ ಒಳಗಿಟ್ಟು ಬಾಗಿಲು ಹಾಕಿ, ಇಲ್ಲವೇ ಚಕ್ರ ಮೇಲೆ ಮಾಡಿ ಮಂಚದ ಕೆಳಗೆ ಗೋಡೆಯ ತನಕ ತಳ್ಳಿ. ಅಟ್ಟದ ಮೇಲೆ ಇಡಬೇಡಿ. ಅದನ್ನು ತೆಗೆಯಲು ಮಗು ಕುರ್ಚಿ ಹತ್ತುತ್ತದೆ.

ಕೆನಡಾ, ಅಮೆರಿಕದಲ್ಲಿರುವ ಬಂಧುಗಳ ಮನೆಯಲ್ಲಿ ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಇರಬಹುದು. ದೊಡ್ಡವರ ಸ್ನೋಬೋರ್ಡ್ ಸುಮಾರು ಒಂದೂವರೆ ಮೀಟರ್ ಉದ್ದವಿದ್ದು, ಅಂಚಿನಲ್ಲಿ ಉಕ್ಕಿನ ಪಟ್ಟಿ ಇರುತ್ತದೆ. ಇಷ್ಟು ಎತ್ತರದ್ದನ್ನು ಕಟ್ಟದೆ ನಿಲ್ಲಿಸಲೇಬಾರದು. ಒದ್ದೆ ಆರದೆ ಇಟ್ಟರೆ ಅಂಚು ತುಕ್ಕು ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿ, ಒಣಗಿಸಿಯೇ ಒಳಗಿಡಬೇಕು.

ಒಳಗೆ ತರುವ ಮುನ್ನ

ಬೀದಿಯ ಕೊಚ್ಚೆ, ಉಗುಳು, ನಾಯಿಯ ಮಲ ಎಲ್ಲವನ್ನೂ ಚಕ್ರಗಳು ಮನೆಯೊಳಗೆ ತರುತ್ತವೆ. ನಮಾಝ್ ಮಾಡುವ ಕೋಣೆಯಲ್ಲಿ ಬೋರ್ಡ್ ಇಡಬೇಡಿ. ಚಪ್ಪಲಿ ಬಿಡುವಲ್ಲೇ ಚಕ್ರಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೇಲ್ಮೈಯನ್ನು ಒಣ ಬ್ರಷ್‌ನಿಂದ ಉಜ್ಜಿ. ಇಡೀ ಬೋರ್ಡನ್ನು ನಲ್ಲಿ ಕೆಳಗೆ ಹಿಡಿಯಬೇಡಿ. ತೆಳು ಹಲಗೆಗಳನ್ನು ಅಂಟಿಸಿ ಮಾಡಿದ ಬೋರ್ಡ್ ನೀರಿಗೆ ಬಿಚ್ಚಿಕೊಳ್ಳುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಚಕ್ರಕ್ಕೆ ನಜಸ್ ತಾಗಿದ್ದರೆ ನಟ್ ಬಿಚ್ಚಿ, ಬೇರಿಂಗ್ ಕಳಚಿ, ಚಕ್ರವನ್ನು ಮಾತ್ರ ತೊಳೆಯಿರಿ. ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಗೆ ತಾಗಿಸಬೇಡಿ. ಮರ ಡೊಂಕಾಗುತ್ತದೆ, ಬೂಷ್ಟು ಬೆಳೆಯುತ್ತದೆ. ಬೂಷ್ಟು ಅಸ್ತಮಾ ಇರುವವರಿಗೆ ಒಳ್ಳೆಯದಲ್ಲ.

ಪೆಟ್ಟು ಬಿದ್ದರೆ

ಸಣ್ಣ ಊತವಾದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. ಗಾಯವಾಗಿದ್ದರೆ ಶುದ್ಧ ನೀರಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಫಿಪುಡಿ, ಸುಣ್ಣ ಹಚ್ಚಬೇಡಿ.

ತಲೆಗೆ ಪೆಟ್ಟಾದ ಮಗುವನ್ನು ಒಂದು ದಿನವಿಡೀ ಗಮನಿಸಿ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ರಕ್ತ ಅಥವಾ ನೀರು ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದ ಹಿರಿಯರಿಗೆ ಎದ್ದು ನಿಲ್ಲಲಾಗದೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಅವರನ್ನು ಎಳೆದು ಎಬ್ಬಿಸದೆ 108ಕ್ಕೆ ಕರೆ ಮಾಡಿ. ಯುನಾನಿಯಲ್ಲಿ ‘ದಲ್ಕ್’ ಎಂಬ ಮಾಲಿಶ್ ಚಿಕಿತ್ಸೆ ಇದೆ, ನಾವೂ ಮಾಡುತ್ತೇವೆ. ಆದರೆ ಆಗಷ್ಟೇ ಬಿದ್ದ ಪೆಟ್ಟಿಗೆ, ಎಕ್ಸ್‌ರೇ ತೆಗೆಸದ ಮೂಳೆಗೆ ಎಣ್ಣೆ ಹಚ್ಚಿ ತಿಕ್ಕುವುದು ಚಿಕಿತ್ಸೆಯಲ್ಲ. ಅದರಿಂದ ಮುರಿದ ಮೂಳೆ ಇನ್ನಷ್ಟು ಸರಿಯುತ್ತದೆ.

ಇಂದು ಇಶಾ ನಮಾಝಿನ ನಂತರ ಮಕ್ಕಳನ್ನು ಕರೆದುಕೊಂಡು ಮನೆಯೊಳಗೆ ಒಂದು ಸುತ್ತು ಹಾಕಿ. ಗೋಡೆಗೆ ಒರಗಿಸಿರುವ ಪ್ರತಿಯೊಂದನ್ನೂ ಒಂದೇ ಬೆರಳಿನಿಂದ ನಿಧಾನವಾಗಿ ಎಳೆದು ನೋಡಿ, ಬಿದ್ದರೆ ಹಿಡಿಯಲು ಇನ್ನೊಂದು ಕೈ ಸಿದ್ಧವಿರಲಿ. ಅಲುಗಾಡಿದ್ದನ್ನು ಕಟ್ಟಿ, ಇಲ್ಲವೇ ಅಲ್ಲಿಂದ ತೆಗೆಯಿರಿ.