ಬೇಡ, ನಾಯಕ, ವಾಲ್ಮೀಕಿ: ಜನ ಒಂದೇ, ಹೆಸರು ಮೂರು
ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯಲ್ಲಿ ಅಜ್ಜನನ್ನು ‘ಬ್ಯಾಡರವ’ ಎನ್ನುತ್ತಿದ್ದರು. ಮಗ ‘ನಾಯಕ’ನಾದ, ಮೊಮ್ಮಗ ‘ವಾಲ್ಮೀಕಿ’. ಬೇಡನೆಂದರೆ ಬೇಟೆಗಾರ. ಬೇಟೆಯ ಕೈಗೆ ಕತ್ತಿ ಬಂದು ಸುರಪುರ, ಚಿತ್ರದುರ್ಗಗಳಲ್ಲಿ ಪಾಳೆಪಟ್ಟು ಕಟ್ಟಿದಾಗ ‘ನಾಯಕ’ ಪದವಿ ಮೆರೆಯಿತು. 1779ರಲ್ಲಿ ಚಿತ್ರದುರ್ಗ ಗೆದ್ದ ಹೈದರಾಲಿ ಬೇಡರ ಹುಡುಗರನ್ನು ಇಸ್ಲಾಮಿಗೆ ಸೇರಿಸಿ ‘ಚೇಲಾ’ ಪಡೆ ಕಟ್ಟಿದ. 1858ರಲ್ಲಿ ವೆಂಕಟಪ್ಪ ನಾಯಕರ ಬಂಡಾಯ ಸೋತು ಸುರಪುರದ ದೊರೆತನ ಹೋಯಿತು, ಹೆಸರು ಉಳಿಯಿತು. ರಾಮಾಯಣದ ಕವಿ ಬೇಡನೆಂಬ ನಂಬಿಕೆ ಮೂರನೆಯ ಹೆಸರು ಕೊಟ್ಟಿತು.

1991ರ ಕಾಯ್ದೆ ಮೂರೂ ಹೆಸರುಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ತಂದಿತು. 2008ರಿಂದ ರಾಯಚೂರು ಗ್ರಾಮೀಣ, ದೇವದುರ್ಗ, ಮಾನ್ವಿ ವಿಧಾನಸಭಾ ಕ್ಷೇತ್ರಗಳು ಈ ಪಂಗಡಗಳಿಗೆ ಮೀಸಲು. ತುಂಗಭದ್ರೆಯಾಚೆಯ ಕರ್ನೂಲಿನಲ್ಲಾದರೋ ಇದೇ ಬಳಗ ‘ಬೋಯ’. ಅಲ್ಲಿ ಅವರು ಹಿಂದುಳಿದ ವರ್ಗ. ನೆಂಟಸ್ತನ ಹೊಳೆ ದಾಟುತ್ತದೆ, ಪ್ರಮಾಣಪತ್ರ ದಾಟುವುದಿಲ್ಲ.